ಒಂದು ದಿನದ ತರಬೇತಿಯೋ, ತಿಂಗಳಿಗೊಮ್ಮೆ ಅಭ್ಯಾಸವೋ?

ಮೂಡಿಗೆರೆ ಕಡೆಯ ಮುಖ್ಯ ಶಿಕ್ಷಕಿಯೊಬ್ಬರು ಕೇಳಿದ್ದಾರೆ: ಮಳೆಗಾಲಕ್ಕೆ ಮುಂಚೆ ಸಿಬ್ಬಂದಿಯ ಮನಸ್ಸು ಗಟ್ಟಿ ಮಾಡಬೇಕು, ಆಪ್ತಸಮಾಲೋಚಕರನ್ನು ಕರೆಸಿ ಒಂದು ದಿನ ತರಬೇತಿ ಕೊಡಿಸೋದಾ, ಅಪಾಯ ಬಂದಾಗ ಏನು ಮಾಡಬೇಕೆಂಬ ಅಣಕು ಅಭ್ಯಾಸವನ್ನು (ಮಾಕ್ ಡ್ರಿಲ್) ತಿಂಗಳಿಗೊಮ್ಮೆ ನಾವೇ ಮಾಡೋದಾ? 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ತಾಲ್ಲೂಕು. ಸುಮ್ನೆ ಕೇಳಿದ ಪ್ರಶ್ನೆಯಲ್ಲ.

ಖರ್ಚಿನಲ್ಲಿ ಅಭ್ಯಾಸವೇ ಅಗ್ಗ. ಕಾಲು ಗಂಟೆ ಸಾಕು.

ನೆನಪಿನಲ್ಲಿ ಉಳಿಯೋದೂ ಅದೇ. ಗಾಬರಿಯಾದಾಗ ಗೇಟಿನ ಬೀಗಕ್ಕೆ ಕೀ ಕೂರುವುದಿಲ್ಲ, ಹಾಜರಿ ಪುಸ್ತಕ ಎಲ್ಲಿಟ್ಟೆ ಅಂತ ಹೊಳೆಯುವುದಿಲ್ಲ. ಹತ್ತು ಸಲ ಮಾಡಿದ ಕೈಗೆ ಮಾತ್ರ ಆಗ ದಾರಿ ಗೊತ್ತಿರುತ್ತದೆ. ತರಬೇತಿಯ ನೋಟ್ಸ್ ಬೀರು ಸೇರಿರುತ್ತದೆ, ಅಲ್ವಾ?

ಆದರೆ ನಡುಗುತ್ತಿರುವ ಮಗುವಿಗೆ ಏನು ಹೇಳಬೇಕು ಅನ್ನೋದನ್ನು ಅಭ್ಯಾಸ ಕಲಿಸುವುದಿಲ್ಲ. ನಮ್ಮ ಬಾಯಿಗೆ ಮೊದಲು ಬರೋದು "ಅಳಬೇಡ, ಏನೂ ಆಗಲ್ಲ". ಮಾನಸಿಕ ಪ್ರಥಮ ಚಿಕಿತ್ಸೆ, ಅಂದರೆ ಆಘಾತಗೊಂಡವರಿಗೆ ತಕ್ಷಣ ಕೊಡುವ ಮನಸ್ಸಿನ ಆಸರೆ, ಹೇಳೋದು ಬೇರೆ: ಮೊದಲು ಗಮನಿಸಿ, ಆಮೇಲೆ ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. "ನಾನು ಇಲ್ಲೇ ಇದೀನಿ, ಅಮ್ಮನಿಗೆ ಫೋನ್ ಮಾಡ್ತಿದೀವಿ" ಅನ್ನೋದು ಜಾಸ್ತಿ ಕೆಲಸ ಮಾಡುತ್ತದೆ. ಇದಕ್ಕೆ ತಿಳಿದವರೇ ಬೇಕು.

ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವ ಊರಿನ ಇಬ್ಬರೇ ಶಿಕ್ಷಕರ ಶಾಲೆಯಾದರೆ ಅಭ್ಯಾಸದಿಂದ ಶುರು ಮಾಡಿ. ನಿಮ್ಮಲ್ಲಿ ಕುಸಿತ ಕಣ್ಣಾರೆ ಕಂಡವರಿದ್ದರೆ ತರಬೇತಿ ಮೊದಲಿರಲಿ. ಹೇಳದೆ ಕೇಳದೆ ಸೈರನ್ ಬಾರಿಸಿದರೆ ಅವರಿಗೆ ಹಳೆಯದೆಲ್ಲ ಮರುಕಳಿಸಬಹುದು. ಎರಡರಲ್ಲಿ ಯಾವುದೇ ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಸ್ಟಾಫ್ ರೂಮಿನ ಗೋಡೆ ಮೇಲಿರಲಿ. ಹಗಲು ರಾತ್ರಿ ಉಚಿತ, ಮೇಷ್ಟ್ರಿಗೂ.