ಮೇಲ್ವಿಚಾರಕರು ಯಾರೆಂದು ಕೇಳದೆ ಆಪ್ತಸಮಾಲೋಚನೆಯ ಕೋರ್ಸಿಗೆ ಸೇರಬೇಡಿ

ತೀರ್ಥಹಳ್ಳಿ ಕಡೆಯ ನಮ್ಮ ಊರಿನಿಂದ ಶಿವಮೊಗ್ಗಕ್ಕೆ ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿಬಂದು ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ನಾನು. ಅಂಕಪಟ್ಟಿಯಲ್ಲಿ ಪ್ರಥಮ ದರ್ಜೆ ಇದೆ. ಆದರೂ ಸಂಕಟದಲ್ಲಿರುವ ಒಬ್ಬರ ಎದುರು ಕುಳಿತು ಕೆಲಸ ಮಾಡುವ ಧೈರ್ಯ ನನಗೆ ಆ ಎರಡು ವರ್ಷಗಳಲ್ಲಿ ಬರಲಿಲ್ಲ. ಬರುವಂತೆ ಯಾರೂ ಕಲಿಸಲೂ ಇಲ್ಲ. ಈಗ ನಮ್ಮ ಕಡೆಯ ಅನೇಕ ಹುಡುಗಿಯರು ಇದೇ ದಾರಿ ಹಿಡಿಯಲು ಹೊರಟಿರುವುದರಿಂದ, ನನಗಾದದ್ದನ್ನು ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹೇಳುವುದಿಲ್ಲ.

2021ರಲ್ಲಿ ನಾನು ಸೇರಿದ್ದು ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣದ ಕೋರ್ಸಿಗೆ. ಬಾಡಿಗೆ ಕಟ್ಟಡದ ಎರಡನೆಯ ಮಹಡಿಯಲ್ಲಿ ಅದರ ‘ಅಧ್ಯಯನ ಕೇಂದ್ರ’ವಿತ್ತು. ಒಟ್ಟು ಶುಲ್ಕ 1,20,000 ರೂಪಾಯಿ. ಅಪ್ಪಯ್ಯ ಆ ವರ್ಷದ ಅಡಿಕೆಯನ್ನು ಬೆಲೆ ಏರುವವರೆಗೆ ಕಾಯದೆ ಮಂಡಿಗೆ ಹಾಕಿ ಮೊದಲ ಕಂತು ಕಟ್ಟಿದರು. ಮಾಹಿತಿ ಪುಸ್ತಿಕೆಯಲ್ಲಿ ‘300 ಗಂಟೆಗಳ ಆಸ್ಪತ್ರೆ ತರಬೇತಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಯಾವ ಆಸ್ಪತ್ರೆ, ಯಾರ ಕೈಕೆಳಗೆ ಎಂದು ನಾನು ಕೇಳಲಿಲ್ಲ. ಬಸ್ ಪಾಸ್ ಸಿಗುತ್ತದೆಯೇ ಎಂದು ಮಾತ್ರ ಎರಡು ಸಲ ಕೇಳಿದ್ದು ಚೆನ್ನಾಗಿ ನೆನಪಿದೆ.

ಪಾಠವೆಂದರೆ ಇಂಗ್ಲಿಷ್ ನೋಟ್ಸ್ ಓದಿಸುವುದು. ಆಪ್ತಸಮಾಲೋಚಕರಲ್ಲಿ ಇರಲೇಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ ಸಮಾನುಭೂತಿ, ನಿಷ್ಕಪಟತೆ ಮತ್ತು ಷರತ್ತಿಲ್ಲದ ಆದರ ಎಂಬ ಮೂರು ಗುಣಗಳನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಅದೇ ರೋಜರ್ಸ್ 1940ರ ದಶಕದಲ್ಲಿಯೇ ಸಮಾಲೋಚನೆಯ ಮಾತುಕತೆಗಳನ್ನು ಧ್ವನಿಮುದ್ರಿಸಿ, ವಿದ್ಯಾರ್ಥಿಗಳ ತಪ್ಪು ಒಪ್ಪುಗಳನ್ನು ಅವರಿಗೇ ಕೇಳಿಸಿ ತಿದ್ದುವ ಪದ್ಧತಿ ತಂದಿದ್ದರೆಂಬುದು ನಮ್ಮ ನೋಟ್ಸಿನಲ್ಲಿ ಇರಲಿಲ್ಲ. ಇದ್ದಿದ್ದರೆ ನಮ್ಮ ಮಾತನ್ನು ಯಾರು ಕೇಳಿ ತಿದ್ದುತ್ತಾರೆ, ಅಂದರೆ ನಮ್ಮ ಮೇಲ್ವಿಚಾರಕರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯುತ್ತಿತ್ತು.

ಮೂರನೆಯ ಸೆಮಿಸ್ಟರಿನಲ್ಲಿ ನಮ್ಮನ್ನು ಹಳ್ಳಿಯೊಂದರ ಆರೋಗ್ಯ ಶಿಬಿರಕ್ಕೆ ಕರೆದೊಯ್ದು, ಶಾಲೆಯ ಕೊಠಡಿಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿದರು. ಕರೆದುಕೊಂಡು ಬಂದವರು ಮಧ್ಯಾಹ್ನದ ಊಟ ಮುಗಿಸಿ ಕಾರು ಹತ್ತಿದರು. ನನ್ನ ಎದುರಿಗೆ ಬಂದು ಕುಳಿತವರು ನಡುವಯಸ್ಸಿನ ಒಬ್ಬ ಹೆಂಗಸು (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ). ಎಲೆಚುಕ್ಕೆ ರೋಗಕ್ಕೆ ತೋಟ ಹೋಗಿತ್ತು, ಸೊಸೈಟಿಯ ಸಾಲ ಹಾಗೆಯೇ ಉಳಿದಿತ್ತು, ಗಂಡ ಮಾತು ಬಿಟ್ಟಿದ್ದ. ಇಷ್ಟನ್ನೂ ಅವರು ನೆಲ ನೋಡುತ್ತಲೇ ಹೇಳಿ, ಕೊನೆಗೆ ‘ಇದ್ದು ಎಂತ ಮಾಡದು ತಂಗಿ, ಹೋದ್ರೆ ಎಲ್ಲರಿಗೂ ಹಗುರ’ ಎಂದರು.

ನಾನು ಹೆದರಿದೆ. ‘ಹಾಗೆಲ್ಲ ಹೇಳಬೇಡಿ ಅಕ್ಕ, ಎಲ್ಲ ಸರಿಹೋಗುತ್ತದೆ’ ಎಂದು ಮಾತನ್ನು ಅವರ ಮಗಳ ಓದಿನ ಕಡೆಗೆ ತಿರುಗಿಸಿಬಿಟ್ಟೆ. ಅವರು ಸುಮ್ಮನಾದರು, ನಕ್ಕಂತೆ ಮಾಡಿ ಎದ್ದು ಹೋದರು. ಇಂಥ ಮಾತು ಬಂದಾಗ ಸಾಯುವ ಯೋಚನೆ ಇದೆಯೇ ಎಂದು ಸ್ಪಷ್ಟವಾಗಿ ಕೇಳಬೇಕು, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನೆಯಲ್ಲಿ ಅಪಾಯಕಾರಿ ವಸ್ತುಗಳು ಕೈಗೆ ಸಿಗದಂತೆ ಮಾಡಿಸಬೇಕು, ಅವರನ್ನು ಒಂಟಿಯಾಗಿ ಬಿಡದೆ ಮನೋವೈದ್ಯರಿಗೆ ತಲುಪಿಸಬೇಕು ಎಂಬ ಮೊದಲ ಪಾಠವೇ ನನಗೆ ಗೊತ್ತಿರಲಿಲ್ಲ. ರಾತ್ರಿ ನಿದ್ದೆ ಹತ್ತದೆ ಕೇಂದ್ರದ ಸಂಯೋಜಕರಿಗೆ ಫೋನ್ ಮಾಡಿದರೆ, ‘ಒಳ್ಳೆಯ ಕೇಸು ಸಿಕ್ಕಿದೆ, ವರದಿ ಬರೆದಿಡಿ, ಆ ವಿಷಯ ನಾಲ್ಕನೆಯ ಸೆಮಿಸ್ಟರಿಗೆ ಬರುತ್ತದೆ’ ಎಂದರು. ಬೆಳಿಗ್ಗೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಹುಡುಕಿ ವಿಷಯ ತಿಳಿಸಿದೆ. ಅವರು ಅದೇ ದಿನ ಆ ಹೆಂಗಸಿನ ಅಣ್ಣನನ್ನು ಜೊತೆ ಮಾಡಿಕೊಂಡು ಶಿವಮೊಗ್ಗದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ದರು. ಆಪ್ತಸಮಾಲೋಚಕಿ ಮಾಡಬೇಕಾಗಿದ್ದ ಕೆಲಸವನ್ನು ಆ ದಿನ ಮಾಡಿದವರು ಆಶಾ ಕಾರ್ಯಕರ್ತೆ. (ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.)

300 ಗಂಟೆಗಳ ಕಥೆ ಮುಗಿದದ್ದು ಹೀಗೆ: ಪರೀಕ್ಷೆಗೆ ಹದಿನೈದು ದಿನ ಇರುವಾಗ ಎಲ್ಲರಿಗೂ ಲಾಗ್‌ಬುಕ್ ಹಂಚಿ, ದಿನಾಂಕ ಮತ್ತು ಗಂಟೆಗಳನ್ನು ‘ಹೊಂದಿಸಿ’ ಬರೆದುಕೊಂಡು ಬರಲು ಹೇಳಿದರು. ಮೇಲ್ವಿಚಾರಕರ ಸಹಿ ಒಂದೇ ಸಂಜೆ ಎಲ್ಲ ಪುಟಗಳಿಗೂ ಬಿತ್ತು. ನಾನೂ ಬರೆದೆ, ನಾನೂ ಸಹಿ ಹಾಕಿಸಿಕೊಂಡೆ. ಇದರಲ್ಲಿ ನನ್ನ ಪಾಲೂ ಇದೆ.

ಪದವಿಯ ಬೆಲೆ ತಿಳಿದದ್ದು ಕೆಲಸಕ್ಕೆ ಅರ್ಜಿ ಹಾಕಿದಾಗ. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ಕಾಯಿಲೆ ಇರುವವರಿಗೆ ಔಷಧಿಯಿಲ್ಲದೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞ) ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಸಂಸ್ಥೆಯಲ್ಲಿ ಕಲಿತು ಅದರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿರಬೇಕು. ಆಗ ಅದಕ್ಕೆ ಕೇಳುತ್ತಿದ್ದದ್ದು ಎರಡು ವರ್ಷದ ಎಂ.ಫಿಲ್. ನೋಂದಣಿಯಿಲ್ಲದೆ ಆ ವೃತ್ತಿ ನಡೆಸುವುದು 1992ರ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಶಿಕ್ಷಾರ್ಹ. ‘ಆಪ್ತಸಮಾಲೋಚಕ’ ಎಂಬ ಹೆಸರಿಗೆ ಮಾತ್ರ ಇಂಥ ಬೇಲಿ ಇರಲಿಲ್ಲ, ಆದ್ದರಿಂದಲೇ ಈ ವ್ಯಾಪಾರ ಇಷ್ಟು ಸಲೀಸಾಗಿ ಬೆಳೆಯಿತು. 2021ರ ರಾಷ್ಟ್ರೀಯ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ಮನಶ್ಶಾಸ್ತ್ರಜ್ಞರನ್ನು ತನ್ನ ವ್ಯಾಪ್ತಿಗೆ ತಂದಿದೆ, ಮತ್ತು ಅದರ ಆಧಾರದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸದಂತೆ ತಡೆದಿದೆ. ಹೀಗಿದ್ದೂ ಯಾರಾದರೂ ‘ಹಳೆಯ ದಾಖಲಾತಿಯಲ್ಲಿ ಸೇರಿಸುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ನಿತ್ಯ ತರಗತಿ ನಡೆಸುವ ಕಾಲೇಜಾದರೂ ಹಣ ಕಟ್ಟುವ ಮೊದಲು ತರಬೇತಿಯ ಆಸ್ಪತ್ರೆಯೊಂದಿಗೆ ಆಗಿರುವ ಒಪ್ಪಂದದ ಪತ್ರ ತೋರಿಸಲು ಹೇಳಿ. ಮೇಲ್ವಿಚಾರಕರ ಹೆಸರು, ಅವರ ನೋಂದಣಿ ಸಂಖ್ಯೆ, ಒಬ್ಬರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿರುತ್ತಾರೆ ಮತ್ತು ವಾರಕ್ಕೆ ಎಷ್ಟು ಹೊತ್ತು ಅವರು ನಿಮ್ಮೊಡನೆ ಕುಳಿತು ನೀವು ನಡೆಸಿದ ಮಾತುಕತೆಯನ್ನು ಪರಿಶೀಲಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಳೆದ ವರ್ಷ ಪಾಸಾದ ಇಬ್ಬರ ಲಾಗ್‌ಬುಕ್ ನೋಡಿ. ಎಲ್ಲ ಸಹಿಗಳೂ ಒಂದೇ ಶಾಯಿಯಲ್ಲಿದ್ದರೆ ನನ್ನದನ್ನು ನೆನಪಿಸಿಕೊಳ್ಳಿ.

ಕಳೆದ ತಿಂಗಳು ಹೊಸನಗರದ ಕಡೆಯ ಹುಡುಗಿಯೊಬ್ಬಳು ಅದೇ ಕಟ್ಟಡದಲ್ಲಿ ಹೊಸ ಹೆಸರಿನಲ್ಲಿ ನಡೆಯುತ್ತಿರುವ ಡಿಪ್ಲೊಮಾಕ್ಕೆ ಸೇರಬಹುದೇ ಎಂದು ನನ್ನನ್ನು ಕೇಳಿದಳು. ಮೇಲ್ವಿಚಾರಕರ ಹೆಸರೊಂದನ್ನು ಮಾತ್ರ ವಿಚಾರಿಸಿ ಬಾ ಎಂದೆ. ವಿಚಾರಿಸಿದ್ದಾಳೆ. ‘ಅದೆಲ್ಲ ಅಡ್ಮಿಷನ್ ಆದ ಮೇಲೆ ಹೇಳುತ್ತೇವೆ’ ಎಂದರಂತೆ.