ಪಂಚೆಗೆ ಜೇಬಿಲ್ಲ: ನಾಟಕದ ಕ್ಲಾಸಿಗೆ ಗೂಗಲ್ ಡಾಕ್ಸ್ ಡೈರಿ

ಮೈಸೂರಿನ ಕುವೆಂಪುನಗರದಲ್ಲಿ ಭಾನುವಾರ ನಾಟಕದ ಕ್ಲಾಸ್ ತೆಗೆದುಕೊಳ್ಳುತ್ತೇನೆ. 14 ಜನ, ಪಿಯುಸಿ, ಡಿಗ್ರಿ ಓದುವವರೇ ಜಾಸ್ತಿ. ಮೊದಲೆಲ್ಲ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟು, ತಾಲೀಮಿನಲ್ಲಿ ಏನಾಯ್ತು ಅಂತ ಬರೆಸುತ್ತಿದ್ದೆ. ಅಷ್ಟನ್ನೂ ಚೀಲದಲ್ಲಿ ಹೊತ್ತು ತಂದು, ಓದಿ, ಮುಂದಿನ ಭಾನುವಾರ ವಾಪಸ್ ಕೊಡುವಷ್ಟರಲ್ಲಿ ಆ ಸೀನೇ ಬದಲಾಗಿರುತ್ತಿತ್ತು. ಹಾಗಾಗಿ ಈ ಸಲ ಗೂಗಲ್ ಡಾಕ್ಸ್ ಹಿಡಿದೆವು. ಐದು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ದುಡ್ಡಿಲ್ಲ, ಜಿಮೇಲ್ ಇದ್ದರೆ ಸಾಕು. 15 ಜಿಬಿ ಜಾಗ ಸಿಗುತ್ತದೆ, ಬರೀ ಬರಹ ಅದರ ಮೂಲೆಗೂ ಸಾಲದು. ವಿದ್ಯಾರ್ಥಿ ಬರೆದ ಸಾಲಿನ ಮೇಲೆ ಬೆರಳಿಟ್ಟು ಪಕ್ಕದಲ್ಲೇ ಕಾಮೆಂಟ್ ಹಾಕಬಹುದು, ಅದರ ಕೆಳಗೇ ಅವರು ಉತ್ತರ ಕೊಡಬಹುದು. ನನಗೆ ಬೇಕಿದ್ದದ್ದು ಇಷ್ಟೇ.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಎಲ್ಲರಿಗೂ ಸೇರಿಸಿ ಒಂದೇ ಫೈಲ್ ಮಾಡಿಬಿಟ್ಟೆ. ಎಲ್ಲರೂ ಎಲ್ಲರಿಗೂ ಒಳ್ಳೆಯವರಾಗಿ "ತುಂಬಾ ಕಲಿತೆ", "ಖುಷಿ ಆಯ್ತು" ಅಂತ ಬರೆದು ಕೈ ತೊಳೆದುಕೊಂಡರು. ಆಮೇಲೆ ಒಬ್ಬೊಬ್ಬರಿಗೂ ಬೇರೆ ಫೈಲ್ ಮಾಡಿ, ಅವರು ಮತ್ತು ನಾನು ಇಬ್ಬರೇ ನೋಡುವಂತೆ ಶೇರ್ ಮಾಡಿದೆ. ಕ್ಲಾಸಿನಲ್ಲಿ ಬಾಯೇ ಬಿಡದ ಒಬ್ಬಳು ಆ ವಾರವೇ ಎರಡು ಪುಟ ಬರೆದಿದ್ದಳು, ಅಳುವ ಸೀನಿನಲ್ಲಿ ಎದುರಿಗಿರುವವನು ನಗು ತಡೆದುಕೊಳ್ಳುವುದು ಕಾಣಿಸುತ್ತದೆ, ಅದಕ್ಕೇ ಅಳು ಬರಲ್ಲ ಅಂತ. ನಾನು ನೋಡಿದರೆ ಇಷ್ಟು ದಿನ ಅವಳಿಗೆ ಉಸಿರಾಟದ ಅಭ್ಯಾಸ ಮಾಡಿಸುತ್ತಿದ್ದೆ!

ಏನು ಬರೆಯಬೇಕು ಅನ್ನುವುದು ಇನ್ನೊಂದು ತಲೆನೋವು. ಆದ ಅನುಭವವನ್ನು ತಿರುಗಿ ನೋಡಿ ಕಲಿಯೋಕೆ ಅಂತ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳಿವೆ: ನಡೆದದ್ದು, ಅನಿಸಿದ್ದು, ಒಳ್ಳೆಯದು ಕೆಟ್ಟದ್ದು, ಯಾಕೆ ಹಾಗಾಯ್ತು, ಬೇರೆ ಏನು ಮಾಡಬಹುದಿತ್ತು, ಮುಂದೇನು. ಆರನ್ನೂ ಕೊಟ್ಟೆ. ಪರೀಕ್ಷೆಗೆ ಉತ್ತರ ಬರೆದ ಹಾಗೆ ನಂಬರ್ ಹಾಕಿಕೊಂಡು ಬರೆದರು. ಈಗ ಮೂರೇ ಕೇಳುತ್ತೇನೆ: ಏನಾಯ್ತು, ಯಾಕೆ, ಮುಂದಿನ ಸಲ ಏನು ಮಾಡ್ತೀಯ.

ಆದರೂ ಒಬ್ಬ ಮೂರು ವಾರ "ಇವತ್ತು ಚೆನ್ನಾಗಿತ್ತು" ಅಂತಲೇ ಬರೆದ. ಅವನದು ತಾತನ ಪಾತ್ರ. "ಇನ್ನೂ ಆಳವಾಗಿ ಬರಿ" ಅಂದರೆ ಯಾರು ತಾನೇ ಬರೀತಾರೆ ಹೇಳಿ. ಕೊನೆಗೆ ಆ ಸಾಲಿನ ಪಕ್ಕ, "ಬಾಗಿಲಿಂದ ಕುರ್ಚಿಯವರೆಗೆ ನಡೆದು ಬರುವಾಗ ನಿನ್ನ ಕೈ ಎಲ್ಲಿತ್ತು?" ಅಂತ ಮಾತ್ರ ಕೇಳಿದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: "ಪ್ಯಾಂಟ್ ಜೇಬಲ್ಲಿತ್ತು ಮೇಡಂ. ಆದ್ರೆ ಆ ತಾತ ಪಂಚೆ ಉಡೋದು. ಪಂಚೆಗೆ ಜೇಬಿಲ್ಲ." ಮುಂದಿನ ಭಾನುವಾರ ಮನೆಯಿಂದ ಪಂಚೆ ತಂದು ಉಟ್ಟುಕೊಂಡೇ ತಾಲೀಮಿಗೆ ನಿಂತ, ನಡಿಗೆಯೇ ಬೇರೆ ಆಗಿತ್ತು.

ಕಷ್ಟ ಇಲ್ಲ ಅಂತಲ್ಲ. ಫೋನಿನಲ್ಲಿ ಕನ್ನಡ ಟೈಪ್ ಮಾಡೋದು ಎಲ್ಲರಿಗೂ ಒಗ್ಗಲ್ಲ, ಅಂಥವರಿಗೆ ವಾಯ್ಸ್ ಟೈಪಿಂಗ್ ಹೇಳಿಕೊಟ್ಟೆ. ಕ್ಲಾಸ್ ಮುಗಿಸಿ ಮಂಡ್ಯದ ರೈಲು ಹತ್ತುವ ಹುಡುಗನೊಬ್ಬ ಸೀಟು ಸಿಕ್ಕಿದ ತಕ್ಷಣ ಡೈರಿ ಹೇಳಿ ಮುಗಿಸುತ್ತಾನೆ. ಅವನ "ಹೆಜ್ಜೆ" ಫೈಲಿನಲ್ಲಿ "ಎಜ್ಜೆ" ಆಗಿ ಬಿದ್ದಿತ್ತು, ನಾನು ತಿದ್ದಲಿಲ್ಲ. "ಅದ್ಕೂ ನಮ್ಮೂರ್ ಭಾಷೆ ಬಂತು ಮೇಡಂ" ಅಂತ ಅವನೇ ನಕ್ಕ.

ಇನ್ನೊಂದು, ಡೈರಿ ಓದುವವರ ಸಮಯ. 14 ಫೈಲ್‌ಗೆ ವಾರಕ್ಕೆ ಎರಡು ಗಂಟೆ ಬೇಕೇ ಬೇಕು, ಅದೂ ಬುಧವಾರದೊಳಗೆ. ಒಂದು ವಾರ ಮದುವೆ ಅಂತ ಬಿಟ್ಟೆ ನೋಡಿ, ಮುಂದಿನ ವಾರ ಅರ್ಧ ಜನ ಬರೆಯಲೇ ಇಲ್ಲ. ದನಿ, ಉಚ್ಚಾರ, ನಿಲ್ಲುವ ಜಾಗ ಇಂಥದ್ದನ್ನೆಲ್ಲ ಕಾಮೆಂಟಿನಲ್ಲಿ ಹೇಳಲು ಹೋಗಬೇಡಿ, ಅದು ಅಲ್ಲೇ ನಿಂತು ತೋರಿಸುವ ಕೆಲಸ.

ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಿ ಬಂದ ದಿನ ಮಾತ್ರ ನಿಯಮ ಇಲ್ಲ, ಏನು ಬೇಕಾದರೂ ಬರೆಯಬಹುದು. ಒಬ್ಬಳು ಪೂರ್ತಿ ಬೆಳಕಿನ ಬಗ್ಗೆಯೇ ಬರೆದಳು. ಈಗ ನಮ್ಮ ಶೋಗೆ ಲೈಟ್ಸ್ ಅವಳೇ ನೋಡಿಕೊಳ್ಳುತ್ತಿದ್ದಾಳೆ.

ಐದಕ್ಕೆ ನಾಲ್ಕು ಕೊಡ್ತೀನಿ. ಶೋ ಹಿಂದಿನ ವಾರ ಮಾತ್ರ ಡೈರಿಗೆ ರಜೆ, ಆಗ ಮಕ್ಕಳು ಮನೆಗೆ ಹೋಗಿ ಮಲಗಲಿ.