ಕೋಲಾರದ ಭಾನುವಾರದ ಇತಿಹಾಸ ತರಗತಿ: ಪಾಠಕ್ಕೆ ಸೇರಿ, ನೋಟ್ಸ್ ಕೊಳ್ಳಬೇಡಿ

ಕೆಎಎಸ್ ಆಕಾಂಕ್ಷಿಗಳಿಗಾಗಿ ಕೋಲಾರದ ಒಂದು ತರಬೇತಿ ಕೇಂದ್ರ ಭಾನುವಾರಗಳಂದು ನಡೆಸುವ ವಿಶ್ವ ಇತಿಹಾಸ ತರಗತಿಗೆ ಎರಡು ತಿಂಗಳು ಹೋಗಿಬಂದೆ. ದೂರೂ ಇರುವುದರಿಂದ ಕೇಂದ್ರದ ಹೆಸರು ಬೇಡ. ತಗಡಿನ ಶೀಟು ಹೊದಿಸಿದ ಕೊಠಡಿ, ಇಬ್ಬರ ಬೆಂಚಿನಲ್ಲಿ ಮೂವರು. ಆದರೂ ಫ್ರಾನ್ಸಿನ ಅರಸೊತ್ತಿಗೆ ಏಕೆ ಉರುಳಿತೆಂಬುದಕ್ಕೆ ಮೇಷ್ಟ್ರು ಮೀಸಲಿಟ್ಟ ಮೂರು ಭಾನುವಾರಗಳಿಂದಲೇ ಕೊಟ್ಟ ಶುಲ್ಕ ವಸೂಲಾಯಿತು.

ಮೊದಲ ದಿನ ಅವರು ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು ಪಾಠ ಆರಂಭಿಸಿದರು. ಅಂದಿನ ಫ್ರಾನ್ಸಿನ ಹಲವು ಪ್ರಾಂತ್ಯಗಳಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕದಲ್ಲೂ ವರ್ಷಕ್ಕೆ ಇಂತಿಷ್ಟು ಉಪ್ಪನ್ನು, ಬೇಕಿರಲಿ ಬೇಡವಿರಲಿ, ತೆರಿಗೆ ಸೇರಿದ ಬೆಲೆಗೆ ಕೊಳ್ಳಲೇಬೇಕಿತ್ತು. ಬ್ರಿಟನಿ ಪ್ರಾಂತ್ಯಕ್ಕೆ ಆ ತೆರಿಗೆಯ ಹಂಗೇ ಇರಲಿಲ್ಲ. ಪಾದ್ರಿಗಳಿಗೂ ಕುಲೀನರಿಗೂ ಮುಖ್ಯ ನೇರ ತೆರಿಗೆಯಿಂದ ವಿನಾಯಿತಿಯಿತ್ತು. ಅದರ ಹೊರೆ ಜನಸಂಖ್ಯೆಯ ನೂರಕ್ಕೆ ಸುಮಾರು 98 ಪಾಲಿದ್ದ ಮೂರನೆಯ ವರ್ಗದ, ಅಂದರೆ ಈ ಎರಡು ವರ್ಗ ಬಿಟ್ಟು ಉಳಿದೆಲ್ಲ ಜನರ ಮೇಲೆ, ಅದರಲ್ಲೂ ರೈತರ ಮೇಲೆ ಬೀಳುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾಗಿ ಸಾಲದಲ್ಲಿ ಮುಳುಗಿದ ಸರ್ಕಾರ 1787ರಲ್ಲಿ ಎಲ್ಲರ ಭೂಮಿಗೂ ಕಂದಾಯ ಹಾಕಲು ಹೊರಟಾಗ ಗಣ್ಯರ ಸಭೆ ಒಪ್ಪಲಿಲ್ಲ. ಹೀಗಾಗಿ ಮೂರೂ ವರ್ಗಗಳ ಪ್ರತಿನಿಧಿಗಳು ಕೂಡುವ, 1614ರಿಂದ ಸೇರದಿದ್ದ ಎಸ್ಟೇಟ್ಸ್ ಜನರಲ್ ಸಭೆಯನ್ನು 1789ರ ಮೇ ತಿಂಗಳಲ್ಲಿ ಕರೆಯಬೇಕಾಯಿತು. ಅಲ್ಲಿ ವರ್ಗಕ್ಕೊಂದು ಮತವೆಂಬ ಹಳೆಯ ಪದ್ಧತಿಯಂತೆ ನಡೆದರೆ ಮೂರನೆಯ ವರ್ಗ ಎಷ್ಟೇ ಪ್ರತಿನಿಧಿಗಳನ್ನು ಕಳುಹಿಸಿದರೂ ಒಂದಕ್ಕೆರಡರಲ್ಲಿ ಸೋಲುವುದು ಖಚಿತವಾಗಿತ್ತು. ಜಗಳ ಹತ್ತಿಕೊಂಡದ್ದೇ ಅಲ್ಲಿ.

1788ರ ಜುಲೈ 13ರ ಆಲಿಕಲ್ಲು ಮಳೆ ಬೆಳೆ ಹಾಳುಮಾಡಿ ಬ್ರೆಡ್ಡಿನ ಬೆಲೆ ಏರಿದ್ದನ್ನು ಹೇಳುವಾಗ, ಟೊಮೆಟೊ ಬೆಳೆಯುವ ಮನೆಯ ಮುಳಬಾಗಿಲಿನ ಹುಡುಗನೊಬ್ಬ, "ಆಲಿಕಲ್ಲು ಬಿದ್ರೆ ರಾಜ ಏನ್ ಮಾಡ್ತಾನೆ ಸಾರ್?" ಎಂದು ಕೇಳಿದ. ಮೇಷ್ಟ್ರು, "ಮಳೆಗೆ ಅವನು ಹೊಣೆಯಲ್ಲಪ್ಪ, ಬೆಳೆ ಹೋದಮೇಲೂ ಕಂದಾಯ ಯಾರ ಮನೆ ಬಾಗಿಲಲ್ಲಿ ಕೇಳಿದ ಅನ್ನೋದನ್ನ ನೋಡು" ಎಂದರು. ಬಡತನವೊಂದೇ ಸಿಂಹಾಸನ ಕೆಡವಲಿಲ್ಲ, ಹೊರೆ ಹಂಚಿದ ರೀತಿ ಕೆಡವಿತು ಎಂಬುದು ನನಗೆ ಮನದಟ್ಟಾದದ್ದು ಆ ಗಳಿಗೆಯಲ್ಲಿ.

ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರನ ಮಗ ಟಿಪ್ಪು ಕಳುಹಿಸಿದ ರಾಯಭಾರಿಗಳನ್ನು ಫ್ರಾನ್ಸಿನ ರಾಜ ಹದಿನಾರನೆಯ ಲೂಯಿ ವರ್ಸೇಲ್ಸ್‌ನಲ್ಲಿ ವೈಭವದಿಂದ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಸರಿಯಾಗಿ ನಾಲ್ಕು ವರ್ಷಕ್ಕೆ, ಅದೇ ದಿನ, ಪ್ಯಾರಿಸ್ ಜನ ತಮ್ಮ ನಗರದಲ್ಲಿದ್ದ ಲೂಯಿಯ ಅರಮನೆಗೆ ನುಗ್ಗಿದರು. ಪರೀಕ್ಷೆಗೆ ಇದು ಬಾರದಿರಬಹುದು, ನನಗೆ ಮರೆಯದು.

ಇನ್ನು ದೂರು. ಪ್ರತ್ಯೇಕ ಹಣ ಪಡೆದು ಕೊಡುವ ಮುದ್ರಿತ ನೋಟ್ಸ್‌ನಲ್ಲಿ ಈ ಯಾವುದೂ ಇಲ್ಲ. ರಾಣಿ ಆಡಿದಳೆನ್ನಲು ಆಧಾರವೇ ಇಲ್ಲದ "ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ" ಎಂಬ ಮಾತಿನಿಂದ ಅಧ್ಯಾಯ ಶುರುವಾಗಿ, ರಾಜದಂಪತಿಯ ದುಂದುವೆಚ್ಚದಲ್ಲೇ ಮುಗಿಯುತ್ತದೆ. ಲೂಯಿಗೆ ಮರಣದಂಡನೆಯಾದದ್ದು 1793ರ ಜನವರಿ 21ರಂದು; ನೋಟ್ಸ್‌ನಲ್ಲಿ 1792 ಎಂದಿದೆ. ತೋರಿಸಿದಾಗ ಕಚೇರಿಯವರು ನನ್ನ ಪ್ರತಿಯಲ್ಲಿ ಮಾತ್ರ ಪೆನ್ನಿನಿಂದ ತಿದ್ದಿಕೊಟ್ಟರು. ಹೊಸ ಬ್ಯಾಚಿನವರ ಕೈಯಲ್ಲಿ ಕಳೆದ ವಾರ ಕಂಡ ಪ್ರತಿಯಲ್ಲೂ 1792 ಹಾಗೆಯೇ ಇತ್ತು.